ಇಪ್ಪತ್ತಮೂರನೇ ನಂಬರಿನ ಮೊರ

"ಪುರಿ ಚೆಲ್ಲೋಕೆ ಮೊರ ಬೇಕಲ್ಲ, ನಾನೇ ತಗೋತೀನಿ ಬಿಡವ್ವ" ಎಂದು ಪ್ಲಾಸ್ಟಿಕ್ ಅಂಗಡಿಯ ನರಸಿಂಹಯ್ಯ ಒಳಗೆ ನುಗ್ಗಿದಾಗ ಲಕ್ಷ್ಮಮ್ಮ ಸತ್ತ ಅವ್ವನ ಮುಖ ತೊಳೆಯುತ್ತಿದ್ದಳು. ತಲೆಯೆತ್ತಲಿಲ್ಲ.

ಅಂಗಳದಲ್ಲಿ ಸೋದರಮಾವ ನೀಲಪ್ಪ ಚಟ್ಟ ಕಟ್ಟುತ್ತಿದ್ದ. ಅರ್ಧ ಚಂದಾಪುರವನ್ನು ಸುಡುಗಾಡಿಗೆ ಹೊತ್ತದ್ದು ಅವ್ವ ಚನ್ನಕ್ಕ ಮಾರಿದ ಬಿದಿರೇ. ಇವತ್ತು ಅವಳದೇ ಸರದಿ.

"ಗಂಟು ಸಡ್ಲ ಆಯ್ತೋ ಅಂತ ಎದ್ದು ಬೈದಾಳು ನಿಮ್ಮವ್ವ" ಎಂದು ಮೂಗೊರೆಸಿಕೊಂಡ.

ಹೆಣ ಪೇಟೆ ಬೀದಿಗೆ ಬಂತು. ಎರಡೂ ಬದಿಯ ಗೋಡೆಗಳ ಮೇಲೆ ಕೆಂಪು ನಂಬರುಗಳು. ಹಳೆಯ ಅಂಗಡಿಗಳನ್ನು ಕೆಡವಿ ಸರ್ಕಾರದ ದುಡ್ಡಿನಲ್ಲಿ ಹೊಸ ಮಳಿಗೆ ಕಟ್ಟಿಸುತ್ತಾರಂತೆ. ನಂಬರು ನೋಡಲು ಸರ್ವೆಯವರು ನಾಳೆಯೇ ಬರುತ್ತಾರಂತೆ.

ಮುಂದೆ ನರಸಿಂಹಯ್ಯ ಪುರಿ ಚೆಲ್ಲುತ್ತಾ ನಡೆದಿದ್ದ. ಆರು ತಿಂಗಳಿಂದ ಅವ್ವನ ಜೊತೆ ಮಾತು ಬಿಟ್ಟವನಿಗೆ ಇದೇನು ಅಕ್ಕರೆ? ಮನುಷ್ಯರ ವೇಷ ಹಾಕಿದರೂ ದೆವ್ವದ ಪಾದ ಹಿಂದುಮುಂದಾಗಿಯೇ ಇರುತ್ತದೆ ಎಂದು ಅವ್ವ ಕತೆ ಹೇಳುತ್ತಿದ್ದಳು. ಲಕ್ಷ್ಮಮ್ಮ ಅವನ ಪಾದಗಳನ್ನೇ ನೋಡಿದಳು. ನೆಟ್ಟಗೇ ಇದ್ದವು. ಆದರೆ ಪುರಿ ಕರಗಿದಂತೆ ಮೊರದ ತಳದಲ್ಲಿ ಕೆಂಪು ಬಣ್ಣ ಇಣುಕಿತು.

*

ಆರು ತಿಂಗಳ ಹಿಂದೆ ಬಣ್ಣದ ಡಬ್ಬಿ ಹಿಡಿದ ಸರ್ವೆಯವನು, ಚನ್ನಕ್ಕ ಬಿದಿರು, ಮೊರ ಮಾರುತ್ತಿದ್ದ ಬೇವಿನ ಮರದ ಕೆಳಗೆ ನಿಂತು ನಕ್ಕಿದ್ದ.

"ಗೋಡೇನೇ ಇಲ್ವಲ್ಲಮ್ಮ, ನಂಬರ್ ಎಲ್ಲಿ ಬರೀಲಿ?"

"ಗೋಡೆ ನೀವು ಕಟ್ಕೊಡ್ತೀರಂತಲ್ಲ ಸಾರ್. ಅಲ್ಲೀಗಂಟ ಇದ್ರ ಮ್ಯಾಲೆ ಬರೀರಿ" ಎಂದು ಚನ್ನಕ್ಕ ಮೊರ ಎತ್ತಿ ಹಿಡಿದಿದ್ದಳು.

ಅವನು ಇಪ್ಪತ್ತಮೂರು ಎಂದು ಬರೆದ. "ಜೋಪಾನ. ನಂಬರ್ ತೋರಿಸಿದೋರಿಗೇ ಮಳಿಗೆ."

ಇಪ್ಪತ್ತೆರಡನೇ ನಂಬರಿನ ನರಸಿಂಹಯ್ಯ ಆ ಮರದ ಜಾಗವೂ ತನಗೇ ಎಂದು ಲೆಕ್ಕ ಹಾಕಿದ್ದವನು. ಮಾತು ಬಿಟ್ಟದ್ದು ಅಂದಿನಿಂದಲೇ. ಚನ್ನಕ್ಕ ಮೊರಕ್ಕೆ ಹಳೆ ಸೀರೆ ಸುತ್ತಿ ಅಟ್ಟಕ್ಕೆ ಸೇರಿಸಿದ್ದಳು.

*

ಮಣ್ಣು ಕೊಟ್ಟದ್ದಾಯಿತು. ಅವ್ವನ ಚಾಪೆ ಉರಿಯುತ್ತಿದ್ದ ಬೆಂಕಿಯತ್ತ ನರಸಿಂಹಯ್ಯ ಮೊರ ಚಾಚಿದ. ಲಕ್ಷ್ಮಮ್ಮ ಕಿತ್ತುಕೊಂಡಳು.

"ಮನೆ ತುಂಬ ಮೊರ ಬಿದ್ದಿರುವಾಗ ಇದೇ ಬೇಕಾಯ್ತಾ ಅಣ್ಣ?"

"ಕೈಗೆ ಸಿಕ್ಕಿದ್ದು ತಂದೆ ಕಣಮ್ಮ."

"ಏಣಿ ಹಾಕಿದ್ರೆ ಕೈಗೆ ಸಿಗೋದು ಇದು!"

ನೀಲಪ್ಪ ಗಾಬರಿಯಾದ. "ಬ್ಯಾಡ ಕಣವ್ವ. ಹೆಣದ ಮುಂದೆ ಹಿಡಿದ ಮೊರ ಮನೇಗ್ ತರಂಗಿಲ್ಲ. ಸ್ನಾನ ಆದ್ಮೇಲೆ ಯಾರೂ ಮುಟ್ಟಂಗೂ ಇಲ್ಲ."

"ಯಾರೂ ಮುಟ್ಟಲ್ವಾ ಮಾವ?" ಲಕ್ಷ್ಮಮ್ಮ ಮೊರವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಮನೇಗ್ ತರಲ್ಲ ಬಿಡಿ."

ಸಂಜೆಯ ಬಿಸಿಲಲ್ಲಿ ಬೊಮ್ಮಸಂದ್ರದ ಫ್ಯಾಕ್ಟರಿ ಬಸ್ಸುಗಳು ಜನರನ್ನು ಇಳಿಸುತ್ತಿದ್ದವು. ಲಕ್ಷ್ಮಮ್ಮ ನೆಟ್ಟಗೆ ಬೇವಿನ ಮರಕ್ಕೆ ಹೋಗಿ, ಅವ್ವ ಸರಕು ತೂಗುಹಾಕುತ್ತಿದ್ದ ಮೊಳೆಗೆ, ನಾಳೆ ಬರುವವರಿಗೆ ನಂಬರು ಕಾಣುವಂತೆ ಮೊರ ನೇತುಹಾಕಿದಳು.

ಆಗಲೇ ಸ್ನಾನ ಮುಗಿಸಿದ್ದ ನರಸಿಂಹಯ್ಯ ಒದ್ದೆ ತಲೆಯಲ್ಲೇ ಓಡಿಬಂದ. "ಏಯ್, ಸುಡುಗಾಡಿಂದು ತಂದು ನನ್ನಂಗಡಿ ಪಕ್ಕ ಕಟ್ತೀಯಾ? ತೆಗಿ!"

"ನೀವೇ ತೆಗೀರಿ ಅಣ್ಣ. ಬೆಳಗ್ಗೆ ತೆಗೆದೋರು ನೀವೇ ಅಲ್ವಾ?"

ಅವನ ಕೈ ಮೊರದತ್ತ ಮೇಲೇರಿತು. ನಡುದಾರಿಯಲ್ಲೇ ನಿಂತಿತು. ಪಂಚೆಗೆ ಬೆರಳೊರೆಸಿಕೊಂಡು, ಮರವನ್ನು ದೂರದಿಂದ ಬಳಸಿ ಅಂಗಡಿ ಸೇರಿದ.

ಮೊರದ ಅಂಚಿಗೆ ಒಂದು ಗುಬ್ಬಿ ಬಂದು ಕೂತಿತು. ಕೆಂಪು ಅಂಕಿ ಮೂರರ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಪುರಿಯನ್ನು ಕುಕ್ಕತೊಡಗಿತು. ಕುಕ್ಕಿದಷ್ಟೂ ಮೊರ ತೂಗಿತು, ಒಮ್ಮೆ ಬೀದಿಯ ಕಡೆಗೆ, ಒಮ್ಮೆ ಇಪ್ಪತ್ತೆರಡನೇ ನಂಬರಿನ ಕಡೆಗೆ.