ಬಾಲಂಗೋಚಿ

"ಸೀಟಿಲ್ದಿದ್ರೆ ಬೇಡ ಬಿಡಮ್ಮ, ನಿಂತ್ಕೊಂಡೇ ಬರ್ತೀನಿ. ಒಂದು ಗಂಟೆ ಚಿಲ್ರೆ ದಾರಿ ಅಂತೀರ. ಶಿವರಾತ್ರಿ ಜಾಗರಣೆಗೆ ಇಡೀ ರಾತ್ರಿ ನಿಂತ ಕಾಲಿದು."

ಕೌಂಟರಿನ ಹಿಂದಿದ್ದ ಅರ್ಪಣಾಳಿಗೆ ನಗು ಬಂತು. ಗರಿ ಏರ್‌ವೇಸ್‌ನವರು ಅವಳಿಗೆ ನಗುವುದನ್ನು ತರಬೇತಿ ಕೊಟ್ಟು ಕಲಿಸಿದ್ದರು, ನಗು ತಡೆಯುವುದನ್ನು ಕಲಿಸಿರಲಿಲ್ಲ.

"ಅಪ್ಪಾಜಿ, ವಿಮಾನದಲ್ಲಿ ನಿಲ್ಲೋಕೆ ಬಿಡಲ್ಲ."

"ಡ್ರೈವರ್ ಪಕ್ಕ, ಬಾನೆಟ್ ಮೇಲೆ?"

"ಬಾನೆಟ್ಟೇ ಇಲ್ಲ."

"ಮತ್ತೆ ಎಂತ ಗಾಡಿ ಅದು?" ಎಂದು ವೃಷಭೇಂದ್ರಪ್ಪ ಬೇಸರದಿಂದ ಹಿಂದೆ ಸರಿದರು.

ಬೇಸರಕ್ಕೆ ಕಾರಣವಿತ್ತು. ಶೆಟ್ಟಿಕೊಪ್ಪದ ಈ ಮನುಷ್ಯ ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟು. ಏಜೆಂಟೆಂದರೆ ಟಿಕೆಟ್ ಹರಿಯುವವನಲ್ಲ, ಬಸ್ಸು ತುಂಬುವವನು. ಅವರ ಪಾಲಿಗೆ 'ಬಸ್ ಫುಲ್' ಎಂಬುದು ದೆವ್ವವಿದ್ದ ಹಾಗೆ. ಎಲ್ಲರೂ ಹೇಳುತ್ತಾರೆ, ಕಣ್ಣಾರೆ ಕಂಡವರಿಲ್ಲ. ಎಷ್ಟೇ ತುಂಬಿದರೂ "ಒಳಗೆ ಹೋಗಿ, ಒಳಗೆ ಜಾಗ ಉಂಟು" ಎಂದು ಕೂಗಿ, ಓಡಿ ಬರುತ್ತಿರುವ ಕೊನೆಯವನನ್ನೂ ತೂರಿಸಿ, ಬಸ್ಸಿನ ಬೆನ್ನಿಗೆ ಅಂಗೈಯಿಂದ ಎರಡು ಬಾರಿಸಿದರೆ ಮಾತ್ರ ಅದು ಹೊರಡುತ್ತಿತ್ತು. ಆ ಎರಡು ಏಟು ಬೀಳದೆ ಕೊಪ್ಪದಿಂದ ಬಸ್ಸು ಅಲುಗಾಡಿದ್ದಿಲ್ಲ. ಅಂಥವರು ಇವತ್ತು ಶಿವಮೊಗ್ಗದ ವಿಮಾನ ನಿಲ್ದಾಣದಲ್ಲಿ, ಕಾಲರಿರುವ ಅಂಗಿ, ಕಚ್ಚುವ ಬೂಟು ಹಾಕಿಕೊಂಡು, ಒಂದು ಸೀಟಿಗಾಗಿ ಕಾಯುತ್ತಿದ್ದರು.

ಅವರ ಕೈಲಿದ್ದದ್ದು ಸಿಬ್ಬಂದಿಯ ಮನೆಯವರಿಗೆ ಕೊಡುವ ಪುಕ್ಕಟೆ ಟಿಕೆಟ್. ಪುಕ್ಕಟೆ ಟಿಕೆಟ್ಟಿಗೆ ಪುಕ್ಕ ಇರುವುದಿಲ್ಲ. ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ಉಂಟು, ಇಲ್ಲದಿದ್ದರೆ ಮನೆಗೆ. ಗರಿ ಏರ್‌ವೇಸ್ ಹುಡುಗರು ತಮ್ಮತಮ್ಮಲ್ಲಿ ಇಂಥವರನ್ನು 'ಬಾಲಂಗೋಚಿ' ಅನ್ನುತ್ತಿದ್ದರು. ಪಟದ ಜೊತೆಗೇ ಹಾರಬೇಕು, ಆದರೆ ತಾನೇ ಪಟ ಎಂದುಕೊಳ್ಳಬಾರದು. ಬಾಲಂಗೋಚಿಗೆ ಶಾಸ್ತ್ರಗಳೂ ಬಹಳ: ಚಪ್ಪಲಿ ಹಾಕಬಾರದು, ಪುಕ್ಕಟೆ ಬಂದೆನೆಂದು ಪಕ್ಕದವರಿಗೆ ಹೇಳಬಾರದು, ಉಪ್ಪಿಟ್ಟು ಖಾಲಿಯಾಯಿತೆಂದರೆ ಮುಖ ಸಿಂಡರಿಸಬಾರದು. ಹೊಸ ಅಳಿಯನಿಗೂ ಯಾರೂ ಇಷ್ಟು ನಿಯಮ ಹೇಳಿರಲಿಕ್ಕಿಲ್ಲ.

ಟಿಕೆಟ್ ಕಳಿಸಿದವಳು ಮಗಳು ನಿಶ್ಚಿತಾ. ಎರಡು ವರ್ಷ ಇದೇ ಕೌಂಟರಿನಲ್ಲಿ ಅರ್ಪಣಾಳ ಪಕ್ಕ ಕೂತಿದ್ದವಳು ಗಗನಸಖಿಯ ತರಬೇತಿಗೆಂದು ಹೈದರಾಬಾದಿಗೆ ಹೊರಟಾಗ ವೃಷಭೇಂದ್ರಪ್ಪ ನೆಂಟರೆದುರು ಒಂದು ಮಾತಾಡಿಬಿಟ್ಟಿದ್ದರು: "ಕಂಡಕ್ಟರ್ ಕೆಲ್ಸಕ್ಕೆ ಅಷ್ಟು ದೂರ ಎಂತಕ್ಕೆ? ನಮ್ಮ ಸ್ಟ್ಯಾಂಡಲ್ಲೇ ಕೊಡಿಸ್ತಿದ್ದೆ." ನೆಂಟರು ನಕ್ಕಿದ್ದರು. ಮಗಳು ನಕ್ಕಿರಲಿಲ್ಲ. ಅಲ್ಲಿಂದೀಚೆಗೆ ಅವಳ ಫೋನು ಅಮ್ಮನಿಗೆ ಮಾತ್ರ. ಅಮ್ಮ ಅನ್ನಪೂರ್ಣಮ್ಮ ಮಾತು ಮುಗಿಸಿ ಇಡುವಾಗ "ಅಪ್ಪನೂ ಇದಾರೆ" ಅನ್ನುವುದು, ಆ ಕಡೆಯಿಂದ "ಹ್ಞೂಂ" ಬರುವುದು.

ಮೊನ್ನೆ ಮೆಸೇಜು ನೇರ ಅವರ ಫೋನಿಗೇ ಬಂದಿತ್ತು. ತರಬೇತಿ ಮುಗಿದವರ ಎದೆಗೆ ಲೋಹದ ರೆಕ್ಕೆ ಚುಚ್ಚುವ ಸಮಾರಂಭ, ಮನೆಯವರೊಬ್ಬರು ಬಂದು ಚುಚ್ಚಬೇಕು, ಇವತ್ತು ಸಂಜೆ. ಕೊನೆಯ ಸಾಲು: 'ಅಪ್ಪ, ನೀನು ಬಾ.' ರಾತ್ರಿ ಬಸ್ಸಿಗೆ ಹೋಗಬಹುದಿತ್ತು. ಆದರೆ ಮಗಳು ಕಳಿಸಿದ ಟಿಕೆಟ್ ಬಿಟ್ಟು ಬಸ್ಸಿಗೆ ಹೋಗುವುದೆಂದರೆ ಹಳೆಯ ಮಾತನ್ನೇ ಇನ್ನೊಮ್ಮೆ ಆಡಿದ ಹಾಗೆ. ಈಗ ಬಸ್ಸಿನ ಹೊತ್ತೂ ಮೀರಿತ್ತು. ಉಳಿದದ್ದು ಈ ಬೆಳಗಿನ ವಿಮಾನ ಒಂದೇ.

"ನೋಡಿ ಅಪ್ಪಾಜಿ," ಅರ್ಪಣಾ ದನಿ ತಗ್ಗಿಸಿದಳು. "ಇಬ್ಬರು ಇನ್ನೂ ಬಂದಿಲ್ಲ. ತ್ರ್ಯಂಬಕ, ಕಮಲ ಅಂತ, ಶೃಂಗೇರಿ ಕಡೆಯವರು. ಬುಕ್ ಮಾಡಿದವ್ರ ಫೋನ್ ಹೋಗ್ತಿಲ್ಲ, ರೇಂಜೇ ಇಲ್ಲ. ಕೌಂಟರ್ ಮುಚ್ಚೋದ್ರೊಳಗೆ ಬರ್ದಿದ್ರೆ ಸೀಟು ನಿಮ್ದು. ಅಲ್ಲಿ ಕೂತಿರಿ."

ವೃಷಭೇಂದ್ರಪ್ಪ ಹೆಗಲಿನ ಟವೆಲ್ ತೆಗೆದು ಎದುರಿನ ಕುರ್ಚಿಯ ಮೇಲೆ ಹಾಸಿದರು. ಹಾಸಿ, ಅದರ ಪಕ್ಕದ ಕುರ್ಚಿಯಲ್ಲಿ ಕೂತರು. ಟವೆಲ್ ಹಾಕಿದ ಸೀಟನ್ನು ನಮ್ಮ ಕಡೆ ಯಮನೂ ಮುಟ್ಟುವುದಿಲ್ಲ.

"ಏನ್ ವೃಷಭಣ್ಣ, ಕುರ್ಚಿಗೂ ರಿಸರ್ವೇಶನ್ನಾ?"

ಕೊಪ್ಪದ ಟೈಲ್ಸ್ ಅಂಗಡಿಯ ಶಶಿಕಿರಣ್ ನಿಂತಿದ್ದ. ಕೈಯಲ್ಲಿ ಬ್ಯಾಗಿಲ್ಲ, ಕೊರಳಲ್ಲಿ ಮಾತ್ರ ಹೊಳೆಯುವ ಕಾರ್ಡು, 'ಚಿನ್ನದ ಗರಿ'. ಗರಿ ಏರ್‌ವೇಸ್‌ನಲ್ಲಿ ಮೇಲಿಂದ ಮೇಲೆ ಹಾರುವವರಿಗೆ ಸಿಗುವ ಬಿರುದು. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಇಂಥ ಹಾರಾಟಗಾರರದ್ದೊಂದು ಬಳಗವೇ ಇತ್ತು, ಹೆಸರು 'ಮೋಡದ ಮೇಲೆ'. ಭಾನುವಾರ ಟೈಲ್ಸ್ ಅಂಗಡಿಯ ಮಹಡಿಯಲ್ಲಿ ಕೂತು, ಫೋನಿನಲ್ಲಿ ನೋಡುತ್ತ, "ಈಗ ಕಮ್ಮರಡಿ ಮೇಲೆ ದುಬೈ ವಿಮಾನ ಹೋಯ್ತು" ಎಂದು ಸಂಭ್ರಮಿಸುವುದು ಅವರ ಸತ್ಸಂಗ. ಕಮ್ಮರಡಿಯವರಿಗೆ ಇದರ ಸುದ್ದಿಯೂ ಇರಲಿಲ್ಲ, ಲಾಭವೂ ಇರಲಿಲ್ಲ.

"ಹೈದರಾಬಾದಲ್ಲಿ ಎಂತ ಕೆಲ್ಸ ನಿಂಗೆ?" ವೃಷಭೇಂದ್ರಪ್ಪ ಕೇಳಿದರು.

"ಕೆಲ್ಸ ಎಂತದೂ ಇಲ್ಲ. ಹೋಗಿ ಇಳಿಯೋದು, ಇದೇ ವಿಮಾನ ಹತ್ತಿ ವಾಪಸ್ ಬರೋದು. ಇವತ್ತು ಹಾರ್ದಿದ್ರೆ ನನ್ನ ಚಿನ್ನದ ಗರಿ ಉದುರಿ ಬೆಳ್ಳಿ ಗರಿ ಆಗ್ತದೆ."

"ಚಿನ್ನ ಇದ್ರೆ ಎಂತ ಲಾಭ?"

"ಮೊದ್ಲು ಹತ್ತಬಹುದು."

"ಮೊದ್ಲು ಹತ್ತಿದ್ರೆ?"

ಶಶಿಕಿರಣ್ ಯೋಚಿಸಿದ. "ಬೇರೆಯವ್ರು ಹತ್ತೋದು ನೋಡಬಹುದು."

ಹತ್ತುವುದಕ್ಕೋಸ್ಕರವೇ ಹತ್ತುವ ಪ್ಯಾಸೆಂಜರನ್ನು ವೃಷಭೇಂದ್ರಪ್ಪ ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಶಶಿಕಿರಣ್ ಕುರ್ಚಿ ಎಳೆದುಕೊಂಡು ತನ್ನ ಪ್ರಸಾದ ಹಂಚತೊಡಗಿದ. ವಿಮಾನದಲ್ಲಿ ಎಷ್ಟೋ ಕಡೆ ಹದಿಮೂರನೇ ಸಾಲೇ ಇರುವುದಿಲ್ಲ. ಕಿಟಕಿ ಚೌಕ ಇದ್ದರೆ ಮೂಲೆಯಲ್ಲಿ ಬಿರುಕು ಬಿಡುತ್ತದೆಂದು ಗುಂಡಗೆ ಮಾಡುತ್ತಾರೆ. ಕಿಟಕಿಯ ಕೆಳಗಡೆ ಸೂಜಿಯಷ್ಟು ಸಣ್ಣ ತೂತು ಇರುತ್ತದೆ, ಗಾಳಿಯ ಒತ್ತಡ ಹೊಂದಿಸಲಿಕ್ಕೆ.

"ಇನ್ನೊಂದು. ವಿಮಾನಕ್ಕೆ ಯಾವಾಗ್ಲೂ ಎಡಗಡೆಯಿಂದಲೇ ಹತ್ತೋದು. ಎಂತಕ್ಕೆ ಹೇಳಿ?"

"ಬಸ್ಸಿಗೂ ಎಡಗಡೆಯಿಂದಲೇ ಹತ್ತೋದು ಮಾರಾಯ. ಇದ್ರಲ್ಲೆಂತ ಸಂಶೋಧನೆ?"

ಹಡಗಿನ ಕಾಲದಿಂದ ಬಂದ ರೂಢಿ ಎಂದು ಶಶಿಕಿರಣ್ ವಿವರಿಸುತ್ತಲೇ ಇದ್ದ. ವೃಷಭೇಂದ್ರಪ್ಪನವರ ಕಣ್ಣು ಮಾತ್ರ ಗಾಜಿನ ಗೋಡೆಯಾಚೆ ಹೋಗಿತ್ತು. ಹೊರಗಿನ ಕಲ್ಲುಬೆಂಚಿನ ಮೇಲೆ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಹೆಂಡತಿಯ ತೊಡೆಯ ಮೇಲೆ ಬಟ್ಟೆ ಕಟ್ಟಿದ ಡಬ್ಬ. ಪ್ರತಿ ಸಲ ಗಾಜಿನ ಬಾಗಿಲು ತೆರೆದಾಗಲೂ ಗಂಡ ಅರ್ಧ ಎದ್ದು, ಕಿವಿಗೊಟ್ಟು, ಮತ್ತೆ ಕೂರುತ್ತಿದ್ದ.

ಆ ಅರ್ಧ ಏಳುವುದು ವೃಷಭೇಂದ್ರಪ್ಪನವರಿಗೆ ಗೊತ್ತಿದ್ದ ಭಂಗಿ. ಕೊಪ್ಪ ಸ್ಟ್ಯಾಂಡಿನಲ್ಲಿ ದಿನಾ ಬೆಳಗಾದರೆ ಕಾಣುತ್ತಿದ್ದದ್ದು. ಬಸ್ಸು ಎದುರಿಗೇ ನಿಂತಿದ್ದರೂ ನಮ್ಮ ಜನ ಹತ್ತುವುದಿಲ್ಲ. ಬೋರ್ಡನ್ನು ನಂಬುವುದಿಲ್ಲ, ಗಡಿಯಾರವನ್ನು ನಂಬುವುದಿಲ್ಲ. ಏಜೆಂಟು ಕೂಗಬೇಕು. ಕೂಗಿದರೆ ಅದು ಬಸ್ಸು, ಇಲ್ಲದಿದ್ದರೆ ತಗಡು. ಈ ನಿಲ್ದಾಣದಲ್ಲಿ ಹೊರಗೆ ಯಾರೂ ಕೂಗುವುದಿಲ್ಲವಲ್ಲ.

ತ್ರ್ಯಂಬಕ, ಕಮಲ. ಅವರೇ.

ವೃಷಭೇಂದ್ರಪ್ಪ ಮುಖವನ್ನು ಕೌಂಟರಿನ ಕಡೆ ತಿರುಗಿಸಿಕೊಂಡರು. ತಾನೇನು ಅವರನ್ನು ತಡೆದಿದ್ದೇನೆಯೇ? ಓದು ಬಂದವರ ಹಾಗೆ ಕಾಣುತ್ತಾರೆ, ಒಳಗೆ ಬಂದು ಕೇಳಬಹುದಪ್ಪ. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು. ಮಗಳ ಎದೆಯ ಮೇಲೆ ರೆಕ್ಕೆ, ಅದನ್ನು ಚುಚ್ಚುವ ಈ ಕೈ. ಅರ್ಪಣಾ ಕೌಂಟರಿನಿಂದ ಇವರನ್ನು ನೋಡಿ, 'ಆಗ್ತಾ ಬಂತು' ಎಂಬಂತೆ ಕಣ್ಣರಳಿಸಿದಳು. ಅವರು ಟವೆಲ್ಲಿನ ಅಂಚು ಸರಿಮಾಡಿದರು. ಮತ್ತೆ ಸರಿಮಾಡಿದರು.

ಹೊರಗೆ ಗಂಡ ಮತ್ತೊಮ್ಮೆ ಅರ್ಧ ಎದ್ದ.

ಆಮೇಲೆ ನಡೆದದ್ದಕ್ಕೆ ವೃಷಭೇಂದ್ರಪ್ಪನವರ ತಲೆ ಕಾರಣವಲ್ಲ, ಗಂಟಲು ಕಾರಣ. ಕಚ್ಚುವ ಬೂಟಿನಲ್ಲೇ ಬಾಗಿಲಿಗೆ ಓಡಿ, ಕೈಯನ್ನು ಬಾಯಿಗೆ ಹಿಡಿದು ಕೂಗಿಬಿಟ್ಟರು:

"ಹೈದ್ರಾಬಾದ್, ಹೈದ್ರಾಬಾದ್, ಹೈದ್ರಾಬಾ...ದ್! ಯಾರ್ರೀ ಹೈದ್ರಾಬಾದು! ಬನ್ನಿ ಬನ್ನಿ, ಗಾಡಿ ಹೊರಡ್ತು!"

ಬಾಗಿಲ ಕಾವಲಿನವನ ಕೈ ಬಂದೂಕಿಗೆ ಹೋಯಿತು. ಟ್ರಾಲಿ ತಳ್ಳುತ್ತಿದ್ದವರು ನಿಂತರು. ಕಲ್ಲುಬೆಂಚಿನ ಗಂಡ ಮಾತ್ರ ಈ ಸಲ ಪೂರ್ತಿ ಎದ್ದುನಿಂತ.

"ಬಾರೇ ಕಮಲಾ, ಕೂಗಿದ್ರು! ಇದೀವಿ ಮಾರಾಯ್ರೆ, ಇಲ್ಲೇ ಇದೀವಿ! ಶೃಂಗೇರಿ ಬೇಗಾರಿನೋರು, ಎರಡು ಸೀಟು!"

ಕಮಲ ಡಬ್ಬ ಅವಚಿಕೊಂಡು ಓಡಿ ಬಂದವಳು ನೇರ ವೃಷಭೇಂದ್ರಪ್ಪನವರನ್ನೇ ತರಾಟೆಗೆ ತೆಗೆದುಕೊಂಡಳು. "ಎಂತ ಜನ ನೀವು? ಆಗಿಂದ ಕಾಯ್ತಾ ಇದೀವಿ, ಈಗ ಕೂಗೋದಾ? ಕೂಗಿದ್ಮೇಲೆ ಹೋಗಿ ಅಂತ ನಮ್ಮ ಹುಡುಗ ಅಭಿಷೇಕ ಇಲ್ಲಿ ಬಿಟ್ಟು ಹೋದ. ಅಲ್ಲಿ ಮಗಳು ಆಸ್ಪತ್ರೆ ಸೇರಿದಾಳೆ. ಮೊಮ್ಮಗು ನಿಮ್ಮ ಕೂಗಿಗೆ ಕಾಯ್ತದಾ?"

"ತಪ್ಪಾಯ್ತು ತಾಯಿ, ಸ್ವಲ್ಪ ಲೇಟಾಯ್ತು," ಎಂದರು ವೃಷಭೇಂದ್ರಪ್ಪ. ಅದು ಎಷ್ಟು ನಿಜವೆಂದು ಅವರಿಗೊಬ್ಬರಿಗೇ ಗೊತ್ತಿತ್ತು. ಡಬ್ಬ ಇಸಿದುಕೊಂಡು ಅವರನ್ನು ಕೌಂಟರಿನ ತನಕ ತಾವೇ ಕರೆತಂದರು.

ಎರಡು ಬೋರ್ಡಿಂಗ್ ಪಾಸು ಹೊರಬಂದವು. ಇಬ್ಬರೂ ಒಳಗೆ ಹೋದ ಮೇಲೆ ಅರ್ಪಣಾಳ ತರಬೇತಿಯ ನಗು ಎಲ್ಲೋ ಹೋಗಿತ್ತು.

"ಎಂತ ಮಾಡಿದ್ರಿ ಅಪ್ಪಾಜಿ? ಅದೇ ನಿಮ್ಮ ಸೀಟಲ್ವಾ? ಈಗ ಫುಲ್ಲು."

ಜೀವನದಲ್ಲಿ ಮೊದಲ ಸಲ ವೃಷಭೇಂದ್ರಪ್ಪ ಆ ಮಾತನ್ನು ನಂಬಿದರು. "ಪ್ಯಾಸೆಂಜರ್ ಕಣ್ಣಿಗೆ ಬಿದ್ಮೇಲೆ ಬಿಟ್ಟು ಹೋಗಕ್ಕಾಗಲ್ಲ ಕಣಮ್ಮ," ಎಂದು ಕುರ್ಚಿಗೆ ಮರಳಿ ಫೋನು ತೆಗೆದರು. ಮಗಳ ಹೆಸರಿನ ಮೇಲೆ ಬೆರಳಿಟ್ಟರು. ಒತ್ತಲಾಗಲಿಲ್ಲ. ಏನೆಂದು ಹೇಳುವುದು? ಅವಳು ಹ್ಞೂಂ ಅನ್ನುತ್ತಾಳೆ, ಅಷ್ಟೆ. ಆ ಹ್ಞೂಂ ಕೇಳುವ ಶಕ್ತಿ ಅವರಿಗಿರಲಿಲ್ಲ.

ಶಶಿಕಿರಣ್ ಇದನ್ನೆಲ್ಲ ನೋಡಿದ್ದ. ಹಡಗಿನ ಕಥೆ ಅರ್ಧಕ್ಕೇ ನಿಂತಿತ್ತು. "ಯಾರಿದಾರೆ ಅಲ್ಲಿ?" ಎಂದು ಕೇಳಿದ.

"ಮಗಳು," ಎಂದು ಶುರುಮಾಡಿ ವೃಷಭೇಂದ್ರಪ್ಪ ಎಲ್ಲ ಹೇಳಿದರು, ಕಂಡಕ್ಟರ್ ಮಾತನ್ನೂ ಬಿಡದೆ.

ಶಶಿಕಿರಣ್ ಕೊರಳಿನ ಕಾರ್ಡನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿದ. ಆಮೇಲೆ ಎದ್ದು ಕೌಂಟರಿಗೆ ಹೋದ.

"ಅರ್ಪಣಾ, ನನ್ನನ್ನು ಇಳಿಸು."

"ಸರ್, ನೀವಿನ್ನೂ ಹತ್ತೇ ಇಲ್ಲ."

"ಹತ್ತೋಕೆ ಮುಂಚೆನೇ ಇಳಿಸು ಮಾರಾಯ್ತಿ. ನಂದು ಬ್ಯಾಗೂ ಇಲ್ಲ, ಕೆಲಸವೂ ಇಲ್ಲ. ಆ ಸೀಟು ವೃಷಭಣ್ಣಂಗೆ."

"ಸರ್, ನಿಮ್ಮ ಚಿನ್ನದ ಗರಿ..."

"ಬೆಳ್ಳಿ ಸಾಕು. ಬಂಗಾರದ ರೇಟು ಹೆಂಗಿದ್ರೂ ಕೈಗೆ ಸಿಗ್ತಿಲ್ಲ." ಅಷ್ಟು ಹೇಳಿದ ಮೇಲೆ ಬಳಗದವರ ನೆನಪಾಗಿ ಅವನ ಮುಖ ಸ್ವಲ್ಪ ಬಾಡಿತು. "ಭಾನುವಾರ ನಮ್ಮ ಬಳಗದ ಆ ಈಶಾನ ನನ್ನ ಮಾನ ಕಳೀತಾನೆ. ವೃಷಭಣ್ಣ, ನೀವು ಬಂದು ಸಾಕ್ಷಿ ಹೇಳ್ಬೇಕು. ಮತ್ತೆ ಕಿಟಕಿ ಸೀಟದು. ಆ ತೂತು ನೋಡ್ಕೊಂಡು ಬನ್ನಿ, ಇಲ್ದಿದ್ರೆ ಒಪ್ಪಲ್ಲ."

ವೃಷಭೇಂದ್ರಪ್ಪ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು, ಶಶಿಕಿರಣ್‌ನ ಭುಜವನ್ನೊಮ್ಮೆ ಹಿಡಿದು, ನಡೆದರು.

ವಿಮಾನಕ್ಕೆ ಎಡಗಡೆಯಿಂದಲೇ ಹತ್ತಿದರು. ಬಾಗಿಲಲ್ಲಿ ಮಗಳ ವಯಸ್ಸಿನ ಹುಡುಗಿ ಕೈಮುಗಿದಳು. ಅವಳ ಎದೆಯ ಮೇಲೆ ಬೆರಳುದ್ದದ ರೆಕ್ಕೆಯಿತ್ತು. ಮುಂದಿನ ಸಾಲಿನಲ್ಲಿ ಕಮಲ ಡಬ್ಬವನ್ನು ತೊಡೆಯಿಂದ ಇಳಿಸುವುದಿಲ್ಲವೆಂದು ಹಟ ಹಿಡಿದಿದ್ದಳು. ಹುಡುಗಿ ಮಂಡಿಯೂರಿ ಕೂತು, ಏನೋ ಹೇಳಿ ನಗಿಸಿ, ಡಬ್ಬವನ್ನು ಸೀಟಿನಡಿ ಸೇರಿಸಿ, ಬೆಲ್ಟು ಬಿಗಿದಳು. ತ್ರ್ಯಂಬಕನ ಕೈಯನ್ನು ಒಂದು ಕ್ಷಣ ತನ್ನ ಕೈಯಲ್ಲಿ ಇಟ್ಟುಕೊಂಡಳು. ಒಬ್ಬೊಬ್ಬರನ್ನೂ ನೋಡುತ್ತ ಹಿಂದಿನ ತನಕ ಹೋಗಿ ಬಂದಳು. ವೃಷಭೇಂದ್ರಪ್ಪ ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅರ್ಪಣಾ ಸುದ್ದಿ ಮುಟ್ಟಿಸಿದ್ದಳೆಂದು ಕಾಣುತ್ತದೆ. ಮಗಳು ಫೋಟೋ ಕಳಿಸಿದ್ದಳು: ದೊಡ್ಡದೊಂದು ಹಾಲು, ಸಾಲು ಸಾಲು ಖಾಲಿ ಕುರ್ಚಿ, ಮೊದಲನೇ ಸಾಲಿನ ನಡುವಿನ ಕುರ್ಚಿಯ ಮೇಲೆ ಹಾಸಿದ ಒಂದು ಟವೆಲ್. ಕೆಳಗೆ ಅಕ್ಷರವೇನೂ ಇರಲಿಲ್ಲ.

"ಅಂಕಲ್, ಫೋನ್ ಆಫ್ ಮಾಡ್ತೀರಾ?" ಹುಡುಗಿ ಕೇಳಿದಳು.

"ಮಾಡಿದೆ ಕಣಮ್ಮ," ಎಂದು ಇನ್ನೊಮ್ಮೆ ನೋಡಿ ಆಫ್ ಮಾಡಿದರು.

ಬಾಗಿಲು ಮುಚ್ಚಿತು. ಎಲ್ಲರೂ ಕೂತಾಗಿತ್ತು. ವಿಮಾನ ಮಾತ್ರ ನಿಂತೇ ಇತ್ತು. ವೃಷಭೇಂದ್ರಪ್ಪ ಕಿಟಕಿಯತ್ತ ಬಗ್ಗಿದರು. ಗಾಜಿನ ಕೆಳಗಡೆ, ನಿಜಕ್ಕೂ, ಸೂಜಿಯಷ್ಟು ಸಣ್ಣ ತೂತಿತ್ತು. ಅವರು ಒಳಗೆಲ್ಲ ಒಮ್ಮೆ ಕಣ್ಣಾಡಿಸಿದರು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಿಟಕಿಯ ಪಕ್ಕದ ಗೋಡೆಗೆ ಅಂಗೈಯಿಂದ ಮೆಲ್ಲಗೆ ಎರಡು ಸಲ ತಟ್ಟಿದರು.

ವಿಮಾನ ಅಲುಗಿತು.