ಹಸಿರು ಬಲ್ಬು

"ಇನ್ನೊಂದ್ ಹಸರ ಬಲ್ಬ್ ಹಾಕ ಇಂದ್ರವ್ವ. ನೋಡಾಕ ಬರೋ ಮೇಡಮ್ಮರು ಕತ್ತಲದಾಗ ಎಡವಬಾರದು," ಎಂದರು ಶ್ರೀಶೈಲ ಸರ್.

ಇಂದ್ರವ್ವ ಸ್ಟೂಲು ಹತ್ತಿ, ಅವರೆ ಗಿಡದ ಕುಂಡಗಳ ಮೇಲೆ ಉರಿಯುತ್ತಿದ್ದ ನೀಲಿ ಬಲ್ಬಿನ ಪಕ್ಕದಲ್ಲಿ ಎರಡನೆಯ ಹಸಿರು ಬಲ್ಬನ್ನೂ ತಿರುವಿ ಕೂರಿಸಿದಳು. ಹುನಗುಂದದ ಆ ಕಾಲೇಜಿನ ಪ್ರಯೋಗಾಲಯದಲ್ಲಿ ಅವಳು ಹನ್ನೊಂದು ವರ್ಷದಿಂದ ಅಟೆಂಡರು. ಇವತ್ತು ಹೇಳಿದಷ್ಟೇ ಮಾಡಬೇಕು, ಒಂದು ಎಳೆ ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂದು ಬೆಳಿಗ್ಗೆ ಇಳಕಲ್ಲಿನಲ್ಲಿ ಬಸ್ಸು ಹತ್ತುವಾಗಲೇ ಗಟ್ಟಿ ಮಾಡಿಕೊಂಡಿದ್ದಳು.

ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಬಾಯಿಗಳಿರುತ್ತವೆ. ನೀಲಿ ಬೆಳಕು ಬಿದ್ದರೆ ಅವು ತೆರೆಯುತ್ತವೆ ಎಂದು ಸರ್ ಓದಿದ್ದ ಪುಸ್ತಕದಲ್ಲಿತ್ತು. ನೀಲಿಯ ಜೊತೆ ಅದರ ಎರಡರಷ್ಟು ಹಸಿರು ಬಿದ್ದರೆ ಮತ್ತೆ ಮುಚ್ಚಿಕೊಳ್ಳುತ್ತವೆ ಎಂಬುದು ಇರಲಿಲ್ಲ. ಅದನ್ನು ಈ ಕೋಣೆಯಲ್ಲಿ ಕಂಡವಳು ಇಂದ್ರವ್ವ. ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಹುಟ್ಟಿದವಳಿಗೆ ಬಣ್ಣದ ಮೇಲೆ ಕಣ್ಣು ಜಾಸ್ತಿ. ಎರಡು ವರ್ಷ ಅವರೆ ಎಲೆಗಳ ಅಡಿಗೆ ಬಣ್ಣವಿಲ್ಲದ ಉಗುರುಪಾಲಿಶ್ ಸವರಿ, ಒಣಗಿದ ಮೇಲೆ ಟೇಪಿನಿಂದ ಕಿತ್ತು, ಆ ಅಚ್ಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬಾಯಿಗಳನ್ನು ಎಣಿಸಿ ಬರೆದಿದ್ದಳು. ಪಾಲಿಶ್ ಕೊಳ್ಳಲು ಹೋದಾಗಲೆಲ್ಲ ಬಳೆ ಅಂಗಡಿಯ ಜುಲೇಖಾ, "ಈ ವಯಸ್ಸಿನ್ಯಾಗ ಯಾರಿಗೆ ತೋರಸಾಕ ಇಂದ್ರವ್ವ?" ಎಂದು ಕಾಡಿಸುತ್ತಿದ್ದಳು.

ಕೆಸರಾದದ್ದು ಇವಳ ಕೈ, ಮೊಸರು ಹೋದದ್ದು ಸರ್ ಬಾಯಿಗೆ. ಅವಳ ಪಟ್ಟಿಗಳನ್ನೆಲ್ಲ ತಮ್ಮ ಹೆಸರಿನಲ್ಲಿ ಪ್ರಬಂಧ ಮಾಡಿದರು. ಹಸಿರಿನ ಪುಟಗಳನ್ನು ಮಾತ್ರ ಹರಿದೊಗೆದರು. "ಹಸರ ಬೆಳಕ ಎಲಿಗೆ ಬೇಕಾಗಂಗಿಲ್ಲ, ಅದರಿಂದ ಏನೂ ಆಗಂಗಿಲ್ಲ," ಎಂದರು. ಇವಳ ಹೆಸರನ್ನೂ ಸೇರಿಸಬಾರದೇ ಎಂದು ಇನ್ನೊಬ್ಬ ಮೇಷ್ಟ್ರು ಕೇಳಿದಾಗ, ಚಹಾ ಕೊಡುತ್ತಿದ್ದ ಅವಳ ಎದುರಿಗೇ, "ಆಕಿ ಬಲ್ಬ್ ಹಾಕಾಕಿ, ಆಕಿ ಹೆಸರ ಯಾಕ?" ಎಂದು ನಕ್ಕರು. ಆ ನಗು ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಉಳಿದಿತ್ತು.

ನೀಲಿ ಬೆಳಕಿಗೆ ಎಲೆಯ ಬಾಯಿಗಳು ತೆರೆಯುವುದನ್ನು ಕಣ್ಣಾರೆ ನೋಡಲು ಒಂದು ತಾಸಿನ ಮೇಲೆ ಧಾರವಾಡದಿಂದ ನೀಲಾಬಾಯಿ ಮೇಡಂ ಬಂದರು. ಅವರು ಮೆಚ್ಚಿದರೆ ಸರ್‌ಗೆ ದೊಡ್ಡ ಯೋಜನೆ ಸಿಗುವುದಿತ್ತು. ಇಂದ್ರವ್ವ ಎಲೆಯ ಅಚ್ಚು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟದ್ದಾಯಿತು. ಮೇಡಂ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು.

"ಎಲ್ಲಾ ಮುಚ್ಚ್ಯಾವಲ್ರಿ ಶ್ರೀಶೈಲ ಅವರ."

ಸರ್ ನೋಡಿದರು. ಇನ್ನೊಂದು ಎಲೆ, ಮತ್ತೊಂದು ಎಲೆ. ಹಣೆಯ ಬೆವರು ಹಸಿರು ಬೆಳಕಿನಲ್ಲಿ ಮಿನುಗಿತು. ಇಂದ್ರವ್ವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏನ್ ಮಾಡಿದಿ ಇಂದ್ರವ್ವ? ನಿನ್ನೆ ತೆರದಿದ್ವಲ್ಲ?"

"ನನಗೇನ್ ತಿಳೀತೈತ್ರಿ ಸರ? ನಾ ಬಲ್ಬ್ ಹಾಕಾಕಿ."

ಸರ್ ಮುಖ ಕಪ್ಪಿಟ್ಟಿತು. ಮೇಡಂ ಮಾತ್ರ ಇವಳ ಕಡೆ ತಿರುಗಿ, ಮೆಲ್ಲಗೆ, "ಹಗಲೆಲ್ಲ ಇಲ್ಲೇ ಇರಾಕಿ ನೀ. ಯಾಕ ಮುಚ್ಚಿರಬೌದು? ನಿನಗೇನ್ ಅನಸತೈತಿ, ಹೇಳವ್ವ," ಎಂದರು.

ಎರಡು ವರ್ಷ ಯಾರಾದರೂ ಕೇಳಲಿ ಎಂದು ಕಾದಿದ್ದ ಮಾತು. ಉತ್ತರ ನಾಲಗೆಯ ತುದಿಗೇ ಬಂದಿತ್ತು. ಹೇಳಿದರೆ ತನ್ನ ಹೆಸರು ಉಳಿಯುತ್ತದೆ, ಆದರೆ ತಪ್ಪು ಬಲ್ಬಿನದೆಂದಾಗಿ ಸರ್ ಕೂಡ ಉಳಿದುಕೊಳ್ಳುತ್ತಾರೆ. ಅವರಾಗಲೇ ಆಸೆಗಣ್ಣಿನಿಂದ ಇವಳನ್ನು ನೋಡುತ್ತಿದ್ದರು.

"ಗೊತ್ತಿಲ್ರಿ," ಎಂದಳು.

ಮೇಡಂ ತಮ್ಮ ಟಿಪ್ಪಣಿ ಪುಸ್ತಕ ಮುಚ್ಚಿ ಎದ್ದರು. ಸರ್ ಏನೇನೋ ಹೇಳುತ್ತ ಅವರ ಹಿಂದೆ ಕಾರಿನವರೆಗೂ ಹೋದರು.

ಇಂದ್ರವ್ವ ಹಸಿರು ಬಲ್ಬುಗಳೆರಡನ್ನೂ ಆರಿಸಿದಳು. ಕೋಣೆಯಲ್ಲಿ ನೀಲಿಯೊಂದೇ ಉಳಿಯಿತು. ಅರ್ಧ ತಾಸು ಬಿಟ್ಟು ಎಲೆಯೊಂದನ್ನು ಕಿತ್ತು ಅಂಗೈ ಮೇಲೆ ಮಗುಚಿದಳು. ಎಲ್ಲ ತೆರೆದಿರುತ್ತವೆ, ಅವಳಿಗೆ ಗೊತ್ತಿತ್ತು. ಶೀಶೆಯ ತಳದಲ್ಲಿ ಒಂದಿಷ್ಟು ಪಾಲಿಶ್ ಇತ್ತು. ಬ್ರಶ್ಶನ್ನು ಎಲೆಯವರೆಗೆ ತಂದವಳು ಅಲ್ಲಿಯೇ ತಡೆದಳು. ಎಲೆಯನ್ನು ಕಸದ ಬುಟ್ಟಿಗೆ ಹಾಕಿ, ಎಡಗೈಯ ಹೆಬ್ಬೆರಳಿನಿಂದ ಶುರು ಮಾಡಿ ತನ್ನ ಉಗುರುಗಳಿಗೆ ಒಂದೊಂದಾಗಿ ಸವರಿದಳು. ಆಮೇಲೆ ಎರಡೂ ಕೈಗಳನ್ನು ನೀಲಿ ಬೆಳಕಿನ ಕೆಳಗೆ ಹಿಡಿದು, ಒಣಗುವವರೆಗೂ ಕೂತಳು.