ಬಾಣ ತೋರಿಸುವ ಜಾಗ

ಬೋರ್ಡಿನಲ್ಲಿ ಡಸ್ಟರ್ ಓಡಿದ್ದು ಚೌಕಗಳ ಮೇಲೆ ಮಾತ್ರ, ಬಾಣ ಹಾಗೇ ಉಳಿದಿದೆ, ಬಿಳಿ ಬಾಣ, ಮೊನೆ ಚೂಪಾಗಿಯೇ ಇದೆ, ಏನೂ ಇಲ್ಲದ ಕಡೆಗೆ ತೋರಿಸುತ್ತ — ಈಗಷ್ಟೇ ಅಲ್ಲಿ ಸಾಲಾಗಿ ಚೌಕಗಳಿದ್ದವು, ಹಾಸನದ ಹೆಸರು, ಚೌಕಕ್ಕೊಂದು ಇಂಗ್ಲಿಷ್ ಅಕ್ಷರ, ಕೊನೆಯದರಲ್ಲಿ ಸೊನ್ನೆ, ಆ ಸೊನ್ನೆ ಇಲ್ಲದಿದ್ದರೆ ಹೆಸರು ಮುಗಿಯಿತೆಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ, ಪಕ್ಕದ ಮನೆಗೂ ನುಗ್ಗಿ ಓದಿಕೊಂಡು ಹೋಗುತ್ತದೆ, ಪ್ರತಿ ಬ್ಯಾಚಿಗೂ ಇದನ್ನೇ ಹೇಳುತ್ತೇನೆ, ನಗುವವರು ನಗುತ್ತಾರೆ. ಪಾಯಿಂಟರ್ ಅಂದರೆ ಅಕ್ಷರವಲ್ಲ, ಅಕ್ಷರ ಕೂತಿರುವ ಜಾಗದ ವಿಳಾಸ, ಅದಕ್ಕೇ ಬಾಣ ಬರೆಯುವುದು, ಫ್ರೀ, ಅಂದರೆ ಬಿಟ್ಟುಕೊಟ್ಟೆ, ಅಂದ ಕೂಡಲೇ ಆ ಜಾಗ ನಮ್ಮದಲ್ಲ, ಯಾರಿಗೆ ಬೇಕಾದರೂ ಕೊಟ್ಟುಬಿಡುತ್ತಾರೆ — ಬಾಣ ಅಂಗೇ ಬುಟ್ರೆ ಏನಾಯ್ತದೆ ಮೇಡಂ. ಅರಕಲಗೂಡಿನಿಂದ ಬರುವ ದೀಪಶ್ರೀ, ಬಸ್ಸಿನ ಆಯಾಸ ಇನ್ನೂ ಮುಖದಲ್ಲಿದೆ, ಕೇಳಿದರೆ ಇಂಥದ್ದನ್ನೇ ಕೇಳುತ್ತಾಳೆ.

ಏನಾಗುತ್ತದೆ, ಕೆಲವು ಸಲ ಹಳೆಯ ಅಕ್ಷರವೇ ಸಿಕ್ಕಿ ಎಲ್ಲ ಸರಿಯಿದೆ ಅನ್ನಿಸುತ್ತದೆ, ಕೆಲವು ಸಲ ಇನ್ಯಾರದೋ ಮಾತು ಬರುತ್ತದೆ — ಹೇಳಬೇಕು, ಬಾಯಿ ತೆರೆದಿದ್ದೇನೆ, ಫೋನನ್ನು ಟೇಬಲ್ಲಿನ ಮೇಲೆ ಮಗುಚಿಟ್ಟಿದ್ದೇನೆ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುವಾಗ ಅದರ ಮೇಲೆ ಅಣ್ಣ ಅಂತ ಬಂತು. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಅನ್ನುವುದು, ತಿರುನಾರಾಯಣ ಮೇಷ್ಟ್ರು, ಹೊಳೆನರಸೀಪುರದಲ್ಲಿ ಅರ್ಧ ಊರಿಗೆ ಗಣಿತ ತಿದ್ದಿದವರು, ಹೋಗಿ ವರ್ಷ ಕಳೆಯಿತು, ವರ್ಷದ ಶ್ರಾದ್ಧವೂ ಆಯಿತು, ಸಿಮ್ಮನ್ನು ತಮ್ಮ ಆತ್ರೇಯ ಅಣ್ಣ ಹೋದ ತಿಂಗಳಲ್ಲೇ ರದ್ದು ಮಾಡಿಸಿಬಿಟ್ಟ, ಇಂಥದ್ದರಲ್ಲಿ ಅವನು ಅಚ್ಚುಕಟ್ಟು, ನಂಬರು ಇನ್ನೊಬ್ಬರಿಗೆ ಹೋಯಿತು, ಅದು ಇದನ್ನೇ ಪಾಠ ಮಾಡುವ ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು, ಆದರೂ ಹೋದ ವಾರ ಕ್ಲಾಸು ಮುಗಿಸಿ ಹೊರಬಂದಾಗ ಬೆರಳು ಹಳೇ ಅಭ್ಯಾಸಕ್ಕೆ ಒತ್ತಿಬಿಟ್ಟಿತು, ಆ ಕಡೆ ಗಂಡಸಿನ ದನಿ ಹಲೋ ಅಂದದ್ದೇ ಇಟ್ಟುಬಿಟ್ಟೆ. ಅದಕ್ಕೇ ಆತ ಇವತ್ತು ವಾಪಸ್ ಮಾಡಿದ್ದು. ಅವ್ವಾ ನಾನು ಹಳೇಕೋಟೆ ಬೋರಪ್ಪ, ಈ ನಂಬ್ರ ಈಗ ನಂದು ಕಣವ್ವಾ, ನೀವೂ ಆ ಮೇಷ್ಟ್ರು ಮನೆಯೋರಾ. ಹೌದು, ಮಗಳು, ಆರತಿ ಅಂತ. ಅಂಗಾರೆ ಒಂದ್ಮಾತು, ಬೇಜಾರು ಮಾಡ್ಕಬ್ಯಾಡಿ, ಒಬ್ರು ಅಮ್ಮ ದಿನಾ ಸಂಜೆ ಫೋನ್ ಮಾಡ್ತರೆ, ಮೇಷ್ಟ್ರಲ್ಲ ಕಣ್ರವ್ವಾ ಅಂತ ಮೊದ್ಲೇ ಯೋಳ್ದೆ, ಗೊತ್ತು ಅಂದ್ರು, ಊಟ ಆಯ್ತಾ ಅಂದ್ರು, ಆಯ್ತು ಅಂದೆ, ಇಟ್ಬುಟ್ರು, ಅವತ್ತಿಂದ ದಿನಾ ಅಷ್ಟೇಯ, ಅವ್ರು ಕೇಳ್ತರೆ ಅಂತ ನಾನು ಬಿರ್ರನೆ ಉಂಡ್ಬುಡ್ತೀನಿ, ಸುಳ್ಳು ಯೋಳ್ಬಾರ್ದಲ್ಲ. ಈಗ ಮಗ ಹೊಸಾ ನಂಬ್ರ ಕೊಡಿಸವ್ನೆ, ನಾಳಿಂದ ಇದು ಇರಕಿಲ್ಲ, ಅವ್ರಿಗೆ ಯೋಳಕ್ಕೆ ನಂಗೆ ಬಾಯಿ ಬರ್ನಿಲ್ಲ, ನೀವೇ ಯೋಳ್ಬುಡಿ.

ಡಬ್ಬಿ ಹಾಗೇ ಮುಚ್ಚಿದೆ, ಪುಳಿಯೋಗರೆ, ಅಮ್ಮನೇ ಕಲಸಿಕೊಟ್ಟದ್ದು, ಬೆಳಿಗ್ಗೆ ನಾನು ರೈಲಿಗೆ ಹೊರಟಾಗಲೂ ಅವಳ ಮುಖದಲ್ಲಿ ಏನೂ ಇರಲಿಲ್ಲ. ಅಮ್ಮನಿಗೆ, ಅಂಬುಜಮ್ಮನಿಗೆ, ಮರೆವಿಲ್ಲ, ಏಕಾದಶಿ ಯಾವತ್ತು ಅಂತ ಪಂಚಾಂಗ ನೋಡದೆ ಹೇಳುತ್ತಾಳೆ, ಗಂಡ ಇಲ್ಲವೆಂಬುದು ನನಗಿಂತ ಚೆನ್ನಾಗಿ ಗೊತ್ತು, ಅತ್ತೆ ಸಂಜೆ ಹಿತ್ತಲಲ್ಲಿ ಯಾರ ಜೊತೆಗೋ ಮಾತಾಡ್ತಾರೆ ಅಕ್ಕ ಅಂತ ಆತ್ರೇಯನ ಹೆಂಡತಿ ಅಂದಿದ್ದಳು, ಚಿಕ್ಕಮ್ಮ ಇರಬೇಕು ಬಿಡು ಅಂದಿದ್ದೆ. ಅಣ್ಣ ಚನ್ನರಾಯಪಟ್ಟಣದ ಸ್ಕೂಲಿನಲ್ಲಿದ್ದಾಗಲೂ ಅವಳು ಫೋನಿನಲ್ಲಿ ಕೇಳುತ್ತಿದ್ದದ್ದು ಅದೊಂದೇ, ಊಟ ಆಯ್ತಾ, ಬೇರೇನೂ ಹೊಳೆಯೋದಿಲ್ಲವೇನೇ ನಿನಗೆ ಅಂತ ಅಣ್ಣ ರೇಗುತ್ತಿದ್ದರು, ರೇಗಿ ಆಯ್ತು ಅನ್ನುತ್ತಿದ್ದರು. ನನಗೆ ಹೊಟ್ಟೆಕಿಚ್ಚು, ಬೇರೆ ಹೆಸರಿಲ್ಲ ಇದಕ್ಕೆ, ಅದೇ ನಂಬರು, ಅದೇ ದನಿ ಇಬ್ಬರಿಗೂ ಸಿಕ್ಕಿತು, ನಾನು ಇಟ್ಟುಬಿಟ್ಟೆ, ಅವಳು ಕೇಳಿದಳು.

ಮೇಡಂ ಬಾಣಾನೂ ಅಳಿಸ್ಬೇಕಾ. ಅಳಿಸಬೇಕಮ್ಮ, ಫ್ರೀ ಮಾಡಿದ ತಕ್ಷಣ ನಲ್, ಅಂದರೆ ಏನೂ ಇಲ್ಲ, ಅಂತ ಬರೆಯಬೇಕು, ಬಾಣ ಎಲ್ಲಿಗೂ ತೋರಿಸಬಾರದು, ಇದು ನಿಯಮ, ಪರೀಕ್ಷೆಗೂ ಬರುತ್ತದೆ — ನನ್ನದೇ ದನಿ, ಚೆನ್ನಾಗಿ ಹೇಳುತ್ತಿದೆ, ಎಲ್ಲರೂ ಬರೆದುಕೊಳ್ಳುತ್ತಿದ್ದಾರೆ. ಸಂಜೆಯ ಗಾಡಿ ಹೊಳೆನರಸೀಪುರ ಮುಟ್ಟುವ ಹೊತ್ತಿಗೆ ಅಮ್ಮ ದೀಪ ಹಚ್ಚಿರುತ್ತಾಳೆ, ಹಳೇಕೋಟೆಯಲ್ಲಿ ಬೋರಪ್ಪ ಉಂಡು ಕೂತಿರುತ್ತಾನೆ, ಮೊದಲೇ ಹೇಳಿದರೆ ಅವಳು ಫೋನ್ ಮಾಡುವುದಿಲ್ಲ, ಆಮೇಲೆ ಹೇಳಿದರೆ ಅದೇ ಕೊನೆಯದೆಂದು ತಿಳಿಯದೆ ಮಾಡಿರುತ್ತಾಳೆ, ಹೇಳದಿದ್ದರೆ ನಾಳೆ ಹಿತ್ತಲಲ್ಲಿ ನಿಂತು, ಫೋನು ಕಿವಿಗಿಟ್ಟು — ಡಸ್ಟರ್ ಕೈಯಲ್ಲಿದೆ, ಕೈ ಬೋರ್ಡಿನ ಮೇಲಿದೆ, ಮೇಡಂ, ಮೇಡಂ ಅಂತಿದ್ದಾರೆ, ಬಾಣ, ಬಿಳಿ ಬಾಣ, ಮೊನೆ ಚೂಪಾಗಿಯೇ ಇದೆ, ಅದರ ಮುಂದೆ ಏನೂ ಇಲ್ಲ, ಊಟ ಆಯ್ತಾ, ಬಾಣ